ಆಗುಂಬೆಯ ಮಳೆ, ಚಳ್ಳಕೆರೆಯ ಗಾಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಳೆಯದ್ದೇ. ಆಷಾಢ ಅಲ್ವಾ, ಹೊರಗೆ ಕಾಲಿಡುವ ಹಾಗಿಲ್ಲ, ಜಗಲಿಯಲ್ಲಿ ಕೂತು ಪತ್ರ ಬರೆದಿದ್ದೀರಿ. ಒಂದು ಪತ್ರ ಮಾತ್ರ ಬಿಸಿಲಿನಿಂದ ಬಂದಿದೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಕೆಲಸದ ಮೇಲೆ ಚಳ್ಳಕೆರೆಗೆ ಬಂದು ಎರಡು ವರ್ಷ ಆಯ್ತು. ಅಮ್ಮ ಫೋನ್ ಮಾಡಿದರೆ ‘ಹೊಳೆ ಏರಿದೆ, ಮೂರು ದಿನದಿಂದ ಕರೆಂಟಿಲ್ಲ’ ಅಂತಾರೆ. ಇಲ್ಲಿ ನಾನು ಬಟ್ಟೆ ಹಗ್ಗದ ಧೂಳು ಒರೆಸುತ್ತಿರುತ್ತೇನೆ. ಮೋಡ ಮಾತ್ರ ದಿನಾ ತಲೆ ಮೇಲೆ ಓಡುತ್ತವೆ, ಒಂದು ಹನಿ ಬೀಳಲ್ಲ. ಅರ್ಧ ದಿನದ ಬಸ್ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? ಇದು ತಗ್ಗಿನ ಊರು ಅಂತಲಾ?

ಉತ್ತರ: ತಗ್ಗಿನ ಲೆಕ್ಕ ಬಿಡಿ. ನಿಮ್ಮ ತೀರ್ಥಹಳ್ಳಿ ಕಡೆಯ ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ನಿಮ್ಮ ಪಕ್ಕದ ಚಿತ್ರದುರ್ಗ ಸುಮಾರು 730! ಎತ್ತರಕ್ಕೇ ಮಳೆ ಬರುವುದಾದರೆ ಕೋಟೆ ಮೇಲೆ ಪಾಚಿ ಕಟ್ಟಬೇಕಿತ್ತು.

ವಿಷಯ ಇರುವುದು ಗೋಡೆಯಲ್ಲಿ. ಆಗುಂಬೆಯಿಂದ ಕಡಲಿಗೆ ನೇರ ಗೆರೆ ಎಳೆದರೆ ಐವತ್ತು ಕಿಲೋಮೀಟರೂ ಇಲ್ಲ. ಜೂನ್‌ನಲ್ಲಿ ಅರಬ್ಬೀ ಸಮುದ್ರದ ಮೇಲಿಂದ ಒದ್ದೆ ಗಾಳಿ ಬರುತ್ತದೆ, ಸೋಮೇಶ್ವರದ ಹತ್ತಿರ ಘಟ್ಟಕ್ಕೆ ಬಂದು ಢಿಕ್ಕಿ ಹೊಡೆಯುತ್ತದೆ. ಮುಂದೆ ದಾರಿಯಿಲ್ಲ, ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಮೇಲೆ ಹೊತ್ತು ತಂದ ಆವಿಯನ್ನು ಹಿಡಿದಿಡಲು ಆಗಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಒಳಗಡೆ ತೊಟ್ಟಿಕ್ಕುತ್ತದಲ್ಲ, ಅದೇ. ಆಗುಂಬೆ ಸರಿಯಾಗಿ ಆ ಗೋಡೆಯ ತುದಿಯಲ್ಲಿ ಕೂತಿದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಹರಿದು ಹೋಗದೆ ಅಲ್ಲೇ ನಿಂತಿದ್ದರೆ ಏಳು ಮೀಟರ್ ನೀರು, ಎರಡು ಅಂತಸ್ತಿನ ಮನೆ ಮುಳುಗುವಷ್ಟು. ಚಳ್ಳಕೆರೆಯದ್ದು 500ರ ಆಸುಪಾಸು, ನಿಮ್ಮ ಮೊಣಕಾಲಿನವರೆಗೆ ಅಂದುಕೊಳ್ಳಿ.

ಈ ಇಳಿಕೆಯನ್ನು ಬಸ್ಸಲ್ಲಿ ಕೂತೇ ನೋಡಬಹುದು. ಜುಲೈಯಲ್ಲಿ ಆಗುಂಬೆಯಲ್ಲಿ ಹತ್ತಿದರೆ ಕಿಟಕಿ ಎಲ್ಲಾ ಮುಚ್ಚಿ, ಒಳಗೆ ಒದ್ದೆ ಕೊಡೆಗಳ ವಾಸನೆ, ವೈಪರ್ ಬಡಿದುಕೊಳ್ಳುತ್ತಾ ಇರುತ್ತದೆ. ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕಡಿಮೆ. ಮಂಡಗದ್ದೆ ದಾಟಿದ ಮೇಲೆ ವೈಪರ್‌ಗೆ ಬಿಡುವು. ಗಾಜನೂರಿನಲ್ಲಿ ಯಾರೋ ಒಬ್ಬರು ಕಿಟಕಿ ಸರಿಸುತ್ತಾರೆ. ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಜಿಟಿಜಿಟಿ. ಅಲ್ಲಿಂದ ಹೊಳಲ್ಕೆರೆ ಕಡೆ ಹೊರಟರೆ ರಸ್ತೆಯೇ ಒಣಗಿರುತ್ತದೆ, ಒದ್ದೆ ಕೊಡೆ ಹಿಡಿದು ಇಳಿದವರನ್ನು ಜನ ತಿರುಗಿ ನೋಡುತ್ತಾರೆ.

ಗಾಳಿ ಮಾತ್ರ ನಿಲ್ಲುವುದಿಲ್ಲ. ಘಟ್ಟ ದಾಟಿ ಬಯಲಿಗೆ ಇಳಿಯುವಾಗ ಅದು ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ತೆಳುವಾಗುತ್ತದೆ. ನೀವು ನೋಡುವ ಓಡುವ ಮೋಡಗಳು ಅವೇ, ಜೇಬು ಖಾಲಿಯಾಗಿ ಹೊರಟವು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರ ನೋಡಿರುತ್ತೀರಿ. ಆಷಾಢದಲ್ಲಿ ಅವನ್ನು ತಿರುಗಿಸುವುದು ನಿಮ್ಮ ಅಮ್ಮನ ಮನೆ ಮೇಲೆ ಮಳೆ ಸುರಿಸಿ ಬಂದ ಗಾಳಿಯೇ.

ನೀವೀಗ ಇರುವ ಬಯಲುಸೀಮೆಯ ಮಳೆಗಾಲ ಬೇರೆ. ಮಲೆನಾಡಿನ ನಮಗೆ ಆರಿದ್ರಾ, ಪುನರ್ವಸು, ಪುಷ್ಯ ನಕ್ಷತ್ರದ ಮಳೆ ಸುರಿದರೆ ವರ್ಷದ ಲೆಕ್ಕ ಮುಗಿದ ಹಾಗೆ. ಅಲ್ಲಿ ‘ಭರಣಿ ಬಂದರೆ ಧರಣಿಯೆಲ್ಲಾ ಬೆಳೆ’ ಅಂತ ಒಮ್ಮೆ ಆಕಾಶ ನೋಡಿದವರು ಆಮೇಲೆ ಹುಬ್ಬ, ಉತ್ತರೆವರೆಗೂ ನೋಡುತ್ತಲೇ ಇರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಕಾದು, ಸಂಜೆ ಗುಡುಗಿ, ಒಂದು ಗಂಟೆ ಬಡಿದು ಹೋಗುತ್ತದಲ್ಲ, ಶೇಂಗಾ ಕಾಯಿ ಕಟ್ಟುವುದು ಅದರಿಂದ. ಸ್ವಲ್ಪ ತಾಳಿ. ಬಟ್ಟೆ ಹಗ್ಗ ಒರೆಸುತ್ತಿರಿ. ನಮ್ಮಲ್ಲಿ ಹಗ್ಗ ಇದೆ, ಬಟ್ಟೆಯೂ ಇದೆ, ಒಣಗಲ್ಲ ಅಷ್ಟೇ.

ಪ್ರಶ್ನೆ: ಇಷ್ಟು ಮಳೆ ಬಂದರೂ ಏಪ್ರಿಲ್‌ಗೆ ನಮ್ಮ ಬಾವಿ ತಳ ಕಾಣುತ್ತದೆ. ಬಯಲುಸೀಮೆಯ ನೆಂಟರು ನಗುತ್ತಾರೆ. (ಹೊಸನಗರದ ಓದುಗರು)

ಉತ್ತರ: ನಗಲಿ ಬಿಡಿ, ನಗುವ ವಿಷಯವೇ. ನಮ್ಮದು ಇಳಿಜಾರು ನೆಲ, ಕೆಳಗೆ ಜಂಬಿಟ್ಟಿಗೆ. ಅದು ನೀರನ್ನು ಗಬಕ್ಕನೆ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗಿನ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಶರಾವತಿಗೆ ಸೇರಿದ ಮೇಲೆ ಅದು ನಿಮ್ಮದಲ್ಲ. ಮಳೆ ಹೆಚ್ಚುಕಡಿಮೆ ಎಲ್ಲಾ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಾವಿ ಹಳೇ ಉಳಿತಾಯದ ಮೇಲೆ ಬದುಕಬೇಕು.

ಬಯಲುಸೀಮೆಯವರಿಗೆ ಉಳಿತಾಯ ಮೊದಲಿಂದ ಗೊತ್ತು. ನಾಲ್ಕು ಮಳೆ ಬರುತ್ತದೆ, ಅಷ್ಟನ್ನು ಹಿಡಿಯಬೇಕು ಅಂತ ಊರಿಗೊಂದು ಕೆರೆ ಕಟ್ಟಿದರು. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ ಮುಗಿದಿದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ! 89 ವರ್ಷ. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ನಮ್ಮಲ್ಲಿ ಲಿಂಗನಮಕ್ಕಿ ತುಂಬುವುದು ತಡವಾದರೆ ಸುದ್ದಿ, ಅಲ್ಲಿ ತುಂಬಿದರೆ ಸುದ್ದಿ. ಇನ್ನೊಂದು ಮಾತು, ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯಲ್ಲಿ. ನಗುವ ನೆಂಟರಿಗೆ ಇದನ್ನು ಹೇಳಿ.

ನಿಮ್ಮ ಬಾವಿಗೆ ಮದ್ದು ಮೇಲಿನ ಗುಡ್ಡದಲ್ಲಿದೆ. ಬಾವಿಗಿಂತ ಮೇಲೆ, ಇಳಿಜಾರಿಗೆ ಅಡ್ಡವಾಗಿ ಇಂಗುಗುಂಡಿ ತೆಗೆಸಿ, ಅಲ್ಲಿ ಕಾನು, ಅಂದರೆ ದಟ್ಟ ಕಾಡು, ಇದ್ದರೆ ಒಂದು ಮರವನ್ನೂ ಮುಟ್ಟಬೇಡಿ. ಬೋರ್‌ವೆಲ್ ಬಗ್ಗೆ ಕೇಳಬೇಡಿ. ತೆಂಗಿನಕಾಯಿ ಹಿಡಿದು ‘ಇಲ್ಲೇ ಗಂಗೆ ಇದ್ದಾಳೆ’ ಅಂದವರ ಮಾತು ಕೇಳಿ ನಾನೂ ಒಮ್ಮೆ ಕೊರೆಸಿದ್ದೆ. 400 ಅಡಿ ಬಿಳಿ ಧೂಳು ಬಂತು, ಮನೆಯ ಹಂಚಿನ ಮೇಲೆಲ್ಲಾ ಕೂತಿತ್ತು.

ಪ್ರಶ್ನೆ: ಬಯಲುಸೀಮೆಯಲ್ಲೂ ಈಗ ಅಡಿಕೆ ತೋಟ. ನಮಗಿಂತ ಅಲ್ಲೇ ಚೆನ್ನಾಗಿ ಬರುತ್ತಂತೆ, ನಿಜವಾ? (ಸಾಗರದ ಬೆಳೆಗಾರರು)

ಉತ್ತರ: ಒಪ್ಪಿಕೊಳ್ಳಲು ಹೊಟ್ಟೆಯುರಿ ಆಗುತ್ತದೆ, ಆದರೂ ಅರ್ಧ ನಿಜ. ಕೊಳೆರೋಗ ತರುವ ಶಿಲೀಂಧ್ರದಂಥ ಜೀವಿಗೆ ಬೇಕಿರುವುದು ದಿನಗಟ್ಟಲೆ ಒದ್ದೆಯಾಗಿರುವ ಗೊನೆ. ನಾವು ಅದನ್ನು ತಟ್ಟೆಯಲ್ಲಿಟ್ಟು ಕೊಡುತ್ತೇವೆ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು ಅಂತ ಬೋರ್ಡೋ ಕಲಸಿ, ಮಳೆ ಹೊಳವಾಗುವುದನ್ನು ಕಾದು, ಮರ ಹತ್ತುವ ಕೊನೆಗಾರನ ಕಾಲು ಹಿಡಿದು, ಮದ್ದು ಹೊಡೆಸಿ ಕೆಳಗಿಳಿಸುವಷ್ಟರಲ್ಲಿ ಮತ್ತೆ ಸುರಿಯುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆ ಈ ಗೋಳು ತುಂಬಾ ಕಡಿಮೆ. ಬಿಸಿಲು ಜಾಸ್ತಿ, ಮಣ್ಣಿನ ಸತ್ವ ನಮ್ಮ ಹಾಗೆ ತೊಳೆದು ಹೋಗಿಲ್ಲ. ನಮ್ಮ ಮಣ್ಣು ಹುಳಿಯಾಗಿರುವುದೇ ಮಳೆ ಸುಣ್ಣದಂಶವನ್ನು ತೊಳೆದುಬಿಡುವುದರಿಂದ, ಅದಕ್ಕೇ ತೋಟಕ್ಕೆ ಸುಣ್ಣ ಹಾಕುವುದು.

ಉಳಿದ ಅರ್ಧ ನೀರು. ಅಡಿಕೆ ಮರ ಬೇಸಗೆಯಲ್ಲಿ ಒಂದು ತಿಂಗಳು ಬಾಯಾರಿದರೂ ಕೂತುಬಿಡುತ್ತದೆ. ನಾಲೆಯ ನೀರಿದ್ದವರಿಗೆ ಸರಿ. ಬೋರ್ ನಂಬಿ ನೆಟ್ಟವರು ಬರದ ವರ್ಷ ಟ್ಯಾಂಕರ್ ಹಿಂದೆ ಓಡುತ್ತಾರೆ. ನಾನಾದರೆ ಅಲ್ಲಿ ಅಡಿಕೆ ನೆಡುತ್ತಿರಲಿಲ್ಲ. ಆದರೆ ಸಾಲ ಅವರದ್ದು, ನನ್ನದಲ್ಲ.

ಪ್ರಶ್ನೆ: ಆಗುಂಬೆ ಈಗಲೂ ದಕ್ಷಿಣದ ಚಿರಾಪುಂಜಿಯೇ?

ಉತ್ತರ: ಹೆಸರು ಉಳಿದಿದೆ. ಎಷ್ಟೋ ವರ್ಷ ಹೊಸನಗರ ತಾಲೂಕಿನ ಹುಲಿಕಲ್ ಆಗುಂಬೆಯನ್ನು ಹಿಂದೆ ಹಾಕಿದೆ. ಅಸಲಿ ಚಿರಾಪುಂಜಿಯ ಸರಾಸರಿ 11,000 ಮಿಲಿಮೀಟರ್ ದಾಟುತ್ತದೆ, ಆ ಲೆಕ್ಕದಲ್ಲಿ ಇಬ್ಬರೂ ತಮ್ಮಂದಿರೇ.

ಪ್ರಶ್ನೆ: ನಮ್ಮ ಅಜ್ಜ ಗದ್ದೆಗೆ ಹೋಗುವಾಗ ಚಳ್ಳಕೆರೆ ಕಂಬಳಿಯೇ ಬೇಕು ಅಂತಿದ್ದರು. ಮಳೆಯೇ ಇಲ್ಲದ ಊರಿನ ಕಂಬಳಿ ಮಳೆಗೆ ಹೇಗೆ? (ಕೋಣಂದೂರು)

ಉತ್ತರ: ಮಳೆ ಇಲ್ಲದ್ದಕ್ಕೇ! ಒದ್ದೆ ನೆಲದಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ನಮ್ಮಲ್ಲಿ ಯಾರಾದರೂ ಕುರಿ ಹಿಂಡು ಸಾಕಿದ್ದು ನೋಡಿದ್ದೀರಾ? ಕುರಿಗೆ ಒಣ ಕಾವಲು, ಕುರುಚಲು ಹುಲ್ಲು ಬೇಕು. ಅಲ್ಲಿನವರು ಆ ಉಣ್ಣೆ ನೂತು, ಹಾಸು ಎಳೆಗೆ ಹುಣಸೆ ಬೀಜದ ಗಂಜಿ ಬಳಿದು ನೇಯುತ್ತಾರೆ. ಹುಣಸೆಯೂ ಬಯಲಿನ ಮರವೇ. ಕಂಬಳಿಯನ್ನು ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಹನಿ ಮೇಲೆ ಮೇಲೆ ಜಾರುತ್ತದೆ. ಉಣ್ಣೆ ಎಷ್ಟೋ ತೇವ ಕುಡಿದರೂ ಒಳಗೆ ಬೆಚ್ಚಗೇ ಇರುತ್ತದೆ. ಪ್ಲಾಸ್ಟಿಕ್ ಹೊದ್ದು ನಟ್ಟಿಗೆ ಹೋದರೆ ಬೆವರಿಗೇ ನೆನೆಯುತ್ತೀರಿ. ನಮ್ಮಪ್ಪನದ್ದೊಂದು ಇನ್ನೂ ಇದೆ, ಬಚ್ಚಲ ಒಲೆಯ ಹತ್ತಿರ ಗೂಟಕ್ಕೆ. ಈ ತಿಂಗಳು ಒಮ್ಮೆ ನೆನೆಯಿತು, ಇವತ್ತಿಗೆ ನಾಲ್ಕು ದಿನ, ಇನ್ನೂ ಕುರಿ ವಾಸನೆ ಹೊಡೆಯುತ್ತಾ ಒಣಗುತ್ತಲೇ ಇದೆ.