ಶರತ್ಕಾಲದ ಪೋನಿ: ಕಣ್ಣಿಗಿಂತ ಕೈಯನ್ನು ನಂಬಿ

ಎಲೆ ಉದುರುವ ತಿಂಗಳುಗಳು ಬಂದರೆ ಪೋನಿ, ಅಂದರೆ ಗಿಡ್ಡ ತಳಿಯ ಕುದುರೆ, ಸಾಕಿದವರ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಬೇಸಿಗೆಯಿಡೀ ಬಯಲಲ್ಲಿ ತನ್ನ ಪಾಡಿಗೆ ಮೇಯ್ದುಕೊಂಡಿದ್ದ ಪ್ರಾಣಿಗೆ ಈಗ ಏನು ಹಾಕಬೇಕು, ಏನು ಹೊದಿಸಬೇಕು, ಯಾವುದಕ್ಕೆ ಹೆದರಬೇಕು ಅನ್ನುವುದೇ ಎಲ್ಲರ ಚಿಂತೆ. ಈ ಸಲ ಬಂದವುಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಪೋನಿಗೆ ಹನ್ನೊಂದು ವರ್ಷ. ಎದೆಯ ಸುತ್ತಳತೆಯಿಂದ ತೂಕ ಅಂದಾಜಿಸುವ ಟೇಪ್ ಸುತ್ತಿ ನೋಡಿದರೆ 250 ಕೆ.ಜಿ. ಚಳಿಗಾಲಕ್ಕೆ ಮುಂಚೆ ಸ್ವಲ್ಪ ಮೈ ತುಂಬಿಕೊಳ್ಳಲಿ, ಚೆನ್ನಾಗಿ ತಿನ್ನಿಸಿ ಅಂತ ಎಲ್ಲರೂ ಹೇಳುತ್ತಾರೆ. ಕೂದಲು ಬೇರೆ ದಟ್ಟವಾಗಿದೆ, ಗುಂಡಗೆ ಮುದ್ದಾಗಿ ಕಾಣುತ್ತದೆ. ಧಾನ್ಯದ ಮೇವು ಶುರು ಮಾಡಲಾ?

ಉತ್ತರ: ಬೇಡ. ಮೊದಲು ಅದರ ಪಕ್ಕೆಲುಬಿನ ಮೇಲೆ ಕೈಯಿಟ್ಟು ನೋಡಿ. ಚಳಿಗಾಲದ ಕೂದಲು ಬಂದ ಮೇಲೆ ಕಣ್ಣಿನ ಅಂದಾಜು ಕೆಲಸಕ್ಕೆ ಬರುವುದಿಲ್ಲ. ಸಣಕಲು ಪೋನಿ ದಪ್ಪಗೆ ಕಾಣುತ್ತದೆ, ದಪ್ಪಗಿರುವುದು ಮುದ್ದಾಗಿ ಕಾಣುತ್ತದೆ. ಅಂಗೈಯನ್ನು ಹಗುರವಾಗಿ ಆಡಿಸಿದಾಗ ಪಕ್ಕೆಲುಬುಗಳು ಸುಲಭವಾಗಿ ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಜಾಸ್ತಿಯಾಗಿದೆ ಎಂದೇ ಅರ್ಥ. ಆಮೇಲೆ ಕುತ್ತಿಗೆಯ ಮೇಲ್ಗಡೆ ಹಿಡಿದು ನೋಡಿ. ಅಲ್ಲಿ ಗಟ್ಟಿಯಾದ ಏಣು ಎದ್ದಿದ್ದರೆ, ಬಾಲದ ಬುಡದಲ್ಲಿ ಮೆತ್ತನೆಯ ಗಡ್ಡೆಗಳಿದ್ದರೆ, ಇನ್ನಷ್ಟು ತಿನ್ನಿಸುವುದು ಪೋನಿಗೆ ಮಾಡುವ ಉಪಕಾರವಲ್ಲ.

ಪೋನಿಗಳ ತಳಿಗಳು ಬೆಳೆದುಬಂದದ್ದು ಬಡ ಹುಲ್ಲಿನ ಗುಡ್ಡಗಳಲ್ಲಿ, ಗಾಳಿ ಬೀಸುವ ಬಯಲುಗಳಲ್ಲಿ. ಸಿಕ್ಕಾಗ ತಿಂದು ಕೂಡಿಟ್ಟು, ಚಳಿಗಾಲದಲ್ಲಿ ಅದನ್ನೇ ಕರಗಿಸಿ ಬದುಕುವುದು ಅವುಗಳ ರೂಢಿ. ವಸಂತಕ್ಕೆ ಸ್ವಲ್ಪ ಬಡಕಲಾಗಿ ಹೊರಬರುವುದು ಆರೋಗ್ಯದ ಲಕ್ಷಣವೇ. ನಮ್ಮ ಕೈಯಲ್ಲಿ ಆಗುವುದೇ ಬೇರೆ. ಶರತ್ಕಾಲದಲ್ಲಿ ಅದು ಕೂಡಿಡುತ್ತದೆ, ಚಳಿಗಾಲದಲ್ಲಿ ನಾವು ಕರಗಲು ಬಿಡುವುದಿಲ್ಲ. ವಸಂತದ ಹೊಸ ಹುಲ್ಲು ಬಂದಾಗ ಹಳೇ ಕೊಬ್ಬಿನ ಮೇಲೆ ಹೊಸ ಕೊಬ್ಬು ಸೇರುತ್ತದೆ.

ಆರೋಗ್ಯವಾಗಿರುವ, ಹಗುರ ಕೆಲಸದ ಪೋನಿಗೆ ದಿನದ ಮೇವು ಮೈತೂಕದ ಶೇ 1.5ರಿಂದ 2ರಷ್ಟಿದ್ದರೆ ಸಾಕು. ಇದು ನೀರಿನಂಶ ಬಿಟ್ಟ ಒಣ ತೂಕದ ಲೆಕ್ಕ. ಒಣಹುಲ್ಲಿನಲ್ಲೂ ಶೇ 15ರಷ್ಟು ನೀರು ಇರುತ್ತದೆ. ಹಾಗಾಗಿ ಹುಲ್ಲುಗಾವಲಿಗೆ ಬಿಡದ 250 ಕೆ.ಜಿ. ಪೋನಿಗೆ ದಿನಕ್ಕೆ ಸುಮಾರು ನಾಲ್ಕೂವರೆಯಿಂದ ಆರು ಕೆ.ಜಿ. ಒಣಹುಲ್ಲು. ತಕ್ಕಡಿಯಲ್ಲಿ ತೂಗಿಯೇ ಹಾಕಿ. ಜತೆಗೆ ಖನಿಜ ಮತ್ತು ವಿಟಮಿನ್ ಮಿಶ್ರಣ ಸ್ವಲ್ಪ ಕೊಟ್ಟರಾಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದಪ್ಪ ಇದೆ ಅಂತ ಪೋನಿಯನ್ನು ಉಪವಾಸ ಕೆಡವಬೇಡಿ. ಇದ್ದಕ್ಕಿದ್ದಂತೆ ಮೇವು ನಿಂತರೆ ಮೈಯ ಕೊಬ್ಬೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿದು ಯಕೃತ್ತು ಸೋಲುತ್ತದೆ. ಇದಕ್ಕೆ ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ದೊಡ್ಡ ಕುದುರೆಗಳಿಗಿಂತ ಪೋನಿ ಮತ್ತು ಕತ್ತೆಗಳಲ್ಲಿ ಇದು ಜಾಸ್ತಿ, ಪ್ರಾಣವನ್ನೇ ತೆಗೆಯಬಹುದು. ದಪ್ಪ ಪೋನಿ ಒಂದು ದಿನ ಮಂಕಾಗಿ ಮೇವು ಬಿಟ್ಟರೆ ನಾಳೆ ನೋಡೋಣ ಅಂತ ಕೂರಬೇಡಿ. ತೂಕವನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಟೇಪ್ ಸುತ್ತಿ ಬರೆದಿಡಿ. ಟೇಪಿನ ಅಂಕಿ ನಿಖರವಲ್ಲ, ಆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಪ್ರಶ್ನೆ: ರಾತ್ರಿ ಹಿಮ ಬೀಳುತ್ತಿದೆ, ಹಗಲು ಒಳ್ಳೆ ಬಿಸಿಲು. ಹುಲ್ಲು ಗಿಡ್ಡಗಿದೆ, ಅದಕ್ಕೇ ದಿನವಿಡೀ ಬಯಲಲ್ಲಿ ಬಿಟ್ಟಿದ್ದೆ. ಎರಡು ದಿನದಿಂದ ನನ್ನ ಹದಿನೇಳು ವರ್ಷದ ಪೋನಿ ತಿರುಗುವಾಗ ಹೆಜ್ಜೆ ಎತ್ತಲು ಯೋಚಿಸುತ್ತದೆ. ಕಲ್ಲುದಾರಿಯಲ್ಲಿ ನಡೆಯಲು ಹಿಂಜರಿಯುತ್ತದೆ. ವಯಸ್ಸಾಯ್ತಲ್ವಾ, ಅದಕ್ಕಾ?

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಇದನ್ನು ಓದಿದ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ನೀವು ಹೇಳಿದ ಲಕ್ಷಣಗಳೆಲ್ಲ ಲ್ಯಾಮಿನೈಟಿಸ್ ಕಡೆಗೆ ಬೆರಳು ಮಾಡುತ್ತವೆ. ಗೊರಸಿನ ಒಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಟ್ಟಿರುವ ಸೂಕ್ಷ್ಮ ಪದರಗಳು ಇದರಲ್ಲಿ ಸಡಿಲಾಗುತ್ತವೆ. ಕೈ ಮೀರಿದರೆ ಆ ಮೂಳೆ ಒಳಗೇ ತಿರುಗುತ್ತದೆ, ಇಲ್ಲವೇ ಕೆಳಕ್ಕೆ ಕುಸಿಯುತ್ತದೆ. ನೋವು ವಿಪರೀತ.

ವೈದ್ಯರು ಬರುವಷ್ಟರಲ್ಲಿ ಹುಲ್ಲಿನಿಂದ ಹೊರಗೆ ತನ್ನಿ. ಲಾಯದಲ್ಲಿ ಬಾಗಿಲವರೆಗೂ ಮೆತ್ತನೆಯ ಹಾಸು ದಪ್ಪಗೆ ಹರಡಿ. ನಡೆಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಗೊರಸು ಮುಟ್ಟಿ ನೋಡಿ, ಬಿಸಿ ಇದೆಯಾ? ಗೊರಸಿನ ಮೇಲಿನ ಗಂಟಿನ ಹಿಂಭಾಗದಲ್ಲಿ, ಎರಡೂ ಬದಿಗೆ, ಬೆರಳಿಟ್ಟು ನಾಡಿ ಹಿಡಿಯಿರಿ. ಆರೋಗ್ಯವಾಗಿದ್ದಾಗ ಅದು ಸಿಗುವುದೇ ಕಷ್ಟ. ಲ್ಯಾಮಿನೈಟಿಸ್‌ನಲ್ಲಿ ಬೆರಳಿಗೆ ಬಡಿಯುತ್ತದೆ. ಮುಂಗಾಲು ಮುಂದಕ್ಕೆ ಚಾಚಿ ಭಾರವನ್ನು ಹಿಂಗಾಲಿಗೆ ಹಾಕಿ ನಿಂತಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ.

ಈಗ ಹುಲ್ಲಿನ ವಿಷಯ. ಗಿಡ್ಡ ಹುಲ್ಲಿನಲ್ಲಿ ಏನೂ ಇಲ್ಲ ಅನ್ನುವ ನಂಬಿಕೆ ತುಂಬಾ ಪೋನಿಗಳನ್ನು ಕುಂಟಾಗಿಸಿದೆ. ಹಗಲಿನ ಬಿಸಿಲಿಗೆ ಹುಲ್ಲು ಸಕ್ಕರೆ ತಯಾರಿಸುತ್ತದೆ, ರಾತ್ರಿ ಬೆಚ್ಚಗಿದ್ದರೆ ಅದನ್ನು ಬೆಳೆಯಲು ಖರ್ಚು ಮಾಡುತ್ತದೆ. ರಾತ್ರಿಯ ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ, ಸಕ್ಕರೆ ಹುಲ್ಲಿನಲ್ಲೇ ಉಳಿಯುತ್ತದೆ. ಹಿಮ ಬಿದ್ದ ರಾತ್ರಿಯ ಮರುದಿನದ ಬಿಸಿಲು ನಮಗೆ ಹಿತ, ಇಂಥ ಪೋನಿಗೆ ಅಪಾಯ. ಲ್ಯಾಮಿನೈಟಿಸ್ ಒಮ್ಮೆ ಬಂದ, ಅಥವಾ ಕುತ್ತಿಗೆ ಗಟ್ಟಿಯಾಗಿರುವ ಪೋನಿಯನ್ನು ಅಂಥ ದಿನ ಹುಲ್ಲಿಲ್ಲದ ಅಂಗಳದಲ್ಲಿಡಿ. ಅಲ್ಲಿ ಒಣಹುಲ್ಲು ಕೊಡಿ. ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು, ಸಕ್ಕರೆ ಸ್ವಲ್ಪ ಕಡಿಮೆಯಾಗುತ್ತದೆ. ತೂಗುವುದು ನೆನೆಸುವ ಮುಂಚೆ.

ನಿಮ್ಮ ಪೋನಿಗೆ ಹದಿನೇಳು ಅಂದಿದ್ದೀರಿ. ಹಾಗಾಗಿ ಇನ್ನೊಂದು ಮಾತು. ಹದಿನೈದು ದಾಟಿದ ಕುದುರೆ, ಪೋನಿಗಳಲ್ಲಿ ಪಿಪಿಐಡಿ ಎಂಬ ತೊಂದರೆ ಸಾಮಾನ್ಯ. ಕುಶಿಂಗ್ಸ್ ಎಂದೂ ಕರೆಯುತ್ತಾರೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಕೆ ತಪ್ಪಿ ಹಾರ್ಮೋನುಗಳನ್ನು ಸುರಿಸುತ್ತದೆ. ಎಸಿಟಿಎಚ್ ಎಂಬ ಹಾರ್ಮೋನ್ ಶರತ್ಕಾಲದಲ್ಲಿ ಎಲ್ಲ ಕುದುರೆಗಳಲ್ಲೂ ಏರುತ್ತದೆ, ಈ ತೊಂದರೆ ಇದ್ದವುಗಳಲ್ಲಿ ತುಂಬಾ ಏರುತ್ತದೆ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಲು ಇದು ಒಳ್ಳೆಯ ಸಮಯ. ಫಲಿತಾಂಶವನ್ನು ಆ ತಿಂಗಳಿಗೆ ತಕ್ಕ ಅಳತೆಗೆ ಹೋಲಿಸಿ ನೋಡಬೇಕು, ಅಷ್ಟೆ. ಉದ್ದ ಗುಂಗುರು ಕೂದಲು, ಸುಮ್ನೆ ನಿಂತಾಗಲೂ ಬೆವರು, ಬೆನ್ನಿನ ಸ್ನಾಯು ಕರಗಿರುವುದು, ಜಾಸ್ತಿ ನೀರು ಕುಡಿಯುವುದು ಇದರ ಲಕ್ಷಣಗಳು. ಆದರೆ ಎಷ್ಟೋ ಸಲ ಮೊದಲು ಕಾಣಿಸುವುದು ಶರತ್ಕಾಲದ ಲ್ಯಾಮಿನೈಟಿಸ್ಸೇ. ಪರ್ಗೊಲೈಡ್ ಮಾತ್ರೆಯಿಂದ ಇದನ್ನು ಹತೋಟಿಯಲ್ಲಿ ಇಡಬಹುದು. ಪರೀಕ್ಷೆ ಮಾಡಿಸಿ, ದಯವಿಟ್ಟು.

ಪ್ರಶ್ನೆ: ಬಯಲಿನ ಅಂಚಲ್ಲಿ ಓಕ್ ಮರಗಳಿವೆ, ಬೇಲಿಯಾಚೆ ಮೇಪಲ್ ಥರದ ಒಂದು ದೊಡ್ಡ ಮರ. ಕಾಯಿ, ಬೀಜ ಎಲ್ಲ ಬಿದ್ದಿವೆ. ಪೋನಿ ತನಗೆ ಬೇಡದ್ದನ್ನು ತಿನ್ನಲ್ಲ ಅಲ್ವಾ?

ಉತ್ತರ: ತಿನ್ನುತ್ತದೆ. ಓಕ್ ಕಾಯಿಯ ರುಚಿ ಹತ್ತಿದ ಪೋನಿ ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಅದರಲ್ಲಿರುವ ಟ್ಯಾನಿನ್ ಕರುಳನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ನಾಲ್ಕು ಕಾಯಿ ತಿಂದರೆ ಬಹುಪಾಲು ಏನೂ ಆಗದು. ಹುಲ್ಲು ಕಡಿಮೆಯಾಗಿ ಕಾಯಿಯೇ ಊಟವಾದಾಗ ತೊಂದರೆ. ಮರದ ಕೆಳಗೆ ವಿದ್ಯುತ್ ಬೇಲಿ ಎಳೆದುಬಿಡಿ.

ನನಗೆ ಜಾಸ್ತಿ ಭಯ ಆ ಇನ್ನೊಂದು ಮರದ್ದು. ಸಿಕಮೋರ್ ಮೇಪಲ್ ಮತ್ತು ಬಾಕ್ಸ್ ಎಲ್ಡರ್ ಮರಗಳ ರೆಕ್ಕೆ ಬೀಜಗಳಲ್ಲಿ ಹೈಪೊಗ್ಲೈಸಿನ್ ಎ ಎಂಬ ವಿಷವಿದೆ. ಅದು ಸ್ನಾಯುಗಳು ಶಕ್ತಿ ಪಡೆಯುವ ದಾರಿಯನ್ನೇ ಮುಚ್ಚುತ್ತದೆ. ಪೋನಿ ಬಿಗಿಯಾಗುತ್ತದೆ, ನಡುಗುತ್ತದೆ, ತಲೆ ತಗ್ಗಿಸಿ ನಿಲ್ಲುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಮಲಗಿದ್ದು ಏಳುವುದಿಲ್ಲ. ಹೀಗಾದವುಗಳಲ್ಲಿ ಬದುಕುವುದಕ್ಕಿಂತ ಸಾಯುವವೇ ಜಾಸ್ತಿ, ಬದುಕುವವೂ ಬೇಗ ಚಿಕಿತ್ಸೆ ಸಿಕ್ಕವು. ಬೀಜಗಳು ಗಾಳಿಗೆ ದೂರ ಹಾರುತ್ತವೆ, ಹಾಗಾಗಿ ಮರ ಬೇಲಿಯಾಚೆ ಇದೆ ಎಂಬ ಸಮಾಧಾನ ಬೇಡ. ಎಲ್ಲ ಮೇಪಲ್‌ಗಳಲ್ಲೂ ಈ ವಿಷವಿಲ್ಲ. ಎಲೆ, ಬೀಜ ಗೊತ್ತಿರುವವರಿಗೆ ತೋರಿಸಿ ಮರ ಯಾವುದೆಂದು ಖಚಿತ ಮಾಡಿಕೊಳ್ಳಿ. ಅಲ್ಲಿಯವರೆಗೆ ಆ ಬದಿಗೆ ಪೋನಿ ಬೇಡ. ಕೆಂಪು ಮೇಪಲ್ ಆಗಿದ್ದರೆ ಅದರ ಬಾಡಿದ ಎಲೆಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಅದೂ ಅಷ್ಟೇ ಕೆಟ್ಟದ್ದು.

ಪ್ರಶ್ನೆ: ಮಗಳು ಪೋನಿಗೆ ಚಳಿಯಾಗುತ್ತೆ, ಈಗಲೇ ರಗ್ ಹಾಕೋಣ ಅಂತ ಹಟ ಮಾಡುತ್ತಿದ್ದಾಳೆ. ಹಾಕಲಾ?

ಉತ್ತರ: ಮಗಳ ಅಕ್ಕರೆ ದೊಡ್ಡದು. ಪೋನಿ ಆಗಲೇ ತಯಾರಾಗಿದೆ ಎಂದು ಅವಳಿಗೆ ಕೈಯಿಟ್ಟೇ ತೋರಿಸಿ. ಹಗಲು ಕಿರಿದಾಗುತ್ತಾ ಬಂದಂತೆ, ಚಳಿ ಬರುವ ಎಷ್ಟೋ ಮುಂಚೆಯೇ ಹೊಸ ಕೂದಲು ಹುಟ್ಟಲು ಶುರುವಾಗಿರುತ್ತದೆ. ಕೂದಲು ನಿಮಿರಿದಾಗ ನಡುವೆ ಗಾಳಿ ನಿಂತು ಮೈ ಬೆಚ್ಚಗಿರುತ್ತದೆ. ರಗ್ ಹಾಕಿದರೆ ಆ ಕೂದಲು ಒತ್ತಿ ಚಪ್ಪಟೆಯಾಗುತ್ತದೆ. ಹೊಟ್ಟೆಯೊಳಗೂ ಒಲೆಯಿದೆ. ನಾರಿನ ಮೇವು ದೊಡ್ಡ ಕರುಳಲ್ಲಿ ಹುದುಗುವಾಗ ಹುಟ್ಟುವ ಶಾಖ ರಾತ್ರಿಯಿಡೀ ಇರುತ್ತದೆ. ಮೈ ಒಣಗಿದ್ದು, ಗಾಳಿ ಮಳೆಗೆ ಮರೆಯಿದ್ದು, ಮುಂದೆ ಹುಲ್ಲಿದ್ದರೆ ಆರೋಗ್ಯದ ಪೋನಿಗೆ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೂ ತಡೆಯುತ್ತದೆ. ರಗ್ ಬೇಕಾಗುವುದು ಮುದಿ, ಸಣಕಲು, ಕಾಯಿಲೆಯ ಪೋನಿಗೆ, ಕೂದಲು ಕತ್ತರಿಸಿದವಕ್ಕೆ, ಮಳೆಗೆ ಮರೆಯೇ ಇಲ್ಲದವಕ್ಕೆ. ಹಾಕಿದರೆ ದಿನಾ ತೆಗೆದು ಭುಜ, ಪಕ್ಕೆ ಮುಟ್ಟಿ ನೋಡಿ. ರಗ್ ಅಡಿಯಲ್ಲಿ ಪೋನಿ ಸೊರಗಿದ್ದು, ಬೆವೆತಿದ್ದು, ತಿಕ್ಕಿ ಹುಣ್ಣಾಗಿದ್ದು ಹೊರಗಿನಿಂದ ಕಾಣುವುದಿಲ್ಲ.

ಪ್ರಶ್ನೆ: ಬಯಲಿನಿಂದ ಲಾಯಕ್ಕೆ, ಹಸಿ ಹುಲ್ಲಿನಿಂದ ಒಣಹುಲ್ಲಿಗೆ ಬಂದ ಮೇಲೆ ಲದ್ದಿ ಸಣ್ಣ, ಗಟ್ಟಿ ಉಂಡೆಯಾಗಿದೆ. ಚಿಂತೆ ಮಾಡಬೇಕಾ?

ಉತ್ತರ: ಗಮನಿಸಿದ್ದು ಒಳ್ಳೆಯದಾಯಿತು. ಹಸಿ ಹುಲ್ಲಿನಲ್ಲಿ ಸುಮಾರು ಶೇ 80 ನೀರೇ. ಒಣಹುಲ್ಲಿಗೆ ಬಂದಾಗ ಆ ನೀರನ್ನೆಲ್ಲ ಬಕೆಟ್ಟಿನಿಂದ ಕುಡಿಯಬೇಕು. ಆದರೆ ನೀರು ತಣ್ಣಗಾದಷ್ಟೂ ಪೋನಿ ಕಡಿಮೆ ಕುಡಿಯುತ್ತದೆ. ಲದ್ದಿ ಕರುಳಲ್ಲೇ ಗಟ್ಟಿಯಾಗಿ ಕಟ್ಟಿಕೊಂಡು ಕಾಲಿಕ್ ಹೊಟ್ಟೆನೋವು ಬರುವುದು ಹೀಗೆ. 250 ಕೆ.ಜಿ. ಪೋನಿ ಒಣಹುಲ್ಲಿನ ಮೇಲಿದ್ದಾಗ ದಿನಕ್ಕೆ 12 ಲೀಟರಿಗೆ ಕಡಿಮೆ ಕುಡಿಯಬಾರದು. ತೊಟ್ಟಿಯ ಬದಲು ಬಕೆಟ್ ಇಟ್ಟರೆ ಎಷ್ಟು ಕುಡಿಯಿತು ಎಂದು ಗೊತ್ತಾಗುತ್ತದೆ. ಉಗುರುಬೆಚ್ಚಗಿನ ನೀರು ಕೊಡಿ, ಉಪ್ಪಿನ ಗಟ್ಟಿ ಕಟ್ಟಿ, ಹುಲ್ಲನ್ನು ತೋಯಿಸಿ ಹಾಕಿ, ದಿನಾ ಓಡಾಡಲು ಬಿಡಿ. ಮೇವಿನ ಬದಲಾವಣೆಯನ್ನು ಹತ್ತು ಹದಿನಾಲ್ಕು ದಿನ ಎಳೆಯಬೇಕು, ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಲದ್ದಿ ಪೂರಾ ನಿಂತರೆ, ಪೋನಿ ಹೊಟ್ಟೆ ತಿರುಗಿ ನೋಡಿದರೆ, ನೆಲ ಕೆರೆದರೆ, ಮತ್ತೆ ಮತ್ತೆ ಮಲಗಿ ಎದ್ದರೆ ಮೇವು ತೆಗೆದು ವೈದ್ಯರನ್ನು ಕರೆಯಿರಿ.

ಪ್ರಶ್ನೆ: ಜಂತುಹುಳದ ಔಷಧಿ ಶರತ್ಕಾಲದಲ್ಲಿ ಕಡ್ಡಾಯವಾ?

ಉತ್ತರ: ಮೊದಲು ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಎಷ್ಟಿವೆ ನೋಡಿ. ಸುಮ್ನೆ ಕೊಟ್ಟು ಕೊಟ್ಟು ಹುಳಗಳಿಗೆ ಔಷಧಿ ನಾಟದಂತಾಗಿದೆ. ಆದರೆ ಕರುಳಿನ ಗೋಡೆಯಲ್ಲಿ ಅಡಗಿ ಕೂತ ಸಣ್ಣ ಕೆಂಪುಹುಳದ ಮರಿಗಳೂ ಲಾಡಿಹುಳವೂ ಈ ಪರೀಕ್ಷೆಯಲ್ಲಿ ಸರಿಯಾಗಿ ಸಿಗುವುದಿಲ್ಲ. ಅವಕ್ಕೆ ಶರತ್ಕಾಲದ ಕೊನೆಗೆ ಔಷಧಿ ಬೇಕೋ ಬೇಡವೋ, ಯಾವುದು ಎಂದು ವೈದ್ಯರನ್ನು ಕೇಳಿ. ಮಾಕ್ಸಿಡೆಕ್ಟಿನ್ ಕೊಡುವುದಾದರೆ ತೂಕ ಸರಿಯಾಗಿ ಗೊತ್ತಿರಬೇಕು, ಸಣಕಲು ಮತ್ತು ಎಳೆಯ ಪೋನಿಗೆ ಡೋಸ್ ಮೀರಿದರೆ ಅಪಾಯ. ನೆಲಕ್ಕೆ ಬಿದ್ದ ಪೇಸ್ಟನ್ನು ನಾಯಿ ನೆಕ್ಕದಂತೆ ನೋಡಿಕೊಳ್ಳಿ. ವಾರಕ್ಕೆ ಎರಡು ಸಲ ಬಯಲಿನ ಲದ್ದಿ ಎತ್ತುವುದು ಎಲ್ಲ ಔಷಧಿಗಿಂತ ಅಗ್ಗ.

ಪ್ರಶ್ನೆ: ಕಾಲಿನ ಕೆಸರನ್ನು ದಿನಾ ತೊಳೆಯುತ್ತೇನೆ. ಆದರೂ ಗೊರಸಿನ ಮೇಲ್ಗಡೆ ಹಕ್ಕಳೆ ಕಟ್ಟಿದೆ.

ಉತ್ತರ: ಆ ತೊಳೆಯುವುದೇ ಚರ್ಮವನ್ನು ಮೆತ್ತಗೆ ಮಾಡಿರಬಹುದು. ಸದಾ ತೇವವಾಗಿದ್ದು ಮೆತ್ತಗಾದ ಚರ್ಮದೊಳಗೆ ಡರ್ಮಟೊಫಿಲಸ್ ಎಂಬ ಬ್ಯಾಕ್ಟೀರಿಯಾ ಸಲೀಸಾಗಿ ಇಳಿಯುತ್ತದೆ. ಕೆಸರು ಒಣಗಲಿ, ಆಮೇಲೆ ಬ್ರಷ್‌ನಿಂದ ಉದುರಿಸಿ. ತೊಳೆಯಲೇಬೇಕಾದರೆ ಟವೆಲ್‌ನಿಂದ ಪೂರ್ತಿ ಒರೆಸಿ ಒಣಗಿಸಿ. ಹಕ್ಕಳೆಯನ್ನು ಕಿತ್ತು ರಕ್ತ ಬರಿಸಬೇಡಿ. ಕಾಲಿನಲ್ಲಿ ಉದ್ದ ಕೂದಲಿರುವ ಪೋನಿ ಕಾಲು ಬಡಿಯುತ್ತಿದ್ದರೆ ಕಾರಣ ಉಣ್ಣೆಯಂಥ ಸಣ್ಣ ಹುಳ ಇರಬಹುದು, ಚಿಕಿತ್ಸೆ ಬೇರೆ. ಕಾಲು ಊದಿದರೆ, ಕುಂಟಿದರೆ ವೈದ್ಯರು.

ಪ್ರಶ್ನೆ: ಬೇಸಿಗೆಯಲ್ಲಿ ಸಾಧುವಾಗಿದ್ದ ಪೋನಿ ಈಗ ಗಾಳಿ ಬೀಸಿದರೆ ಬೆಚ್ಚುತ್ತದೆ, ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡುತ್ತದೆ. ಮಗ ಹೆದರಿದ್ದಾನೆ.

ಉತ್ತರ: ಇವು ಎರಡು ಬೇರೆ ವಿಷಯ. ತಂಪು ಗಾಳಿಗೆ ಪೋನಿಗೆ ಹುರುಪು ಏರುವುದು ಸಹಜ. ಲಾಯದಲ್ಲಿ ಕೂತ ಹೊತ್ತು ಹೆಚ್ಚಾದಷ್ಟೂ ಅದು ಜಾಸ್ತಿ. ಸವಾರಿಗೆ ಮುಂಚೆ ಬಯಲಲ್ಲಿ ಓಡಾಡಲು ಬಿಡಿ, ಜೋರು ಗಾಳಿಯ ದಿನ ಮಗನನ್ನು ಹತ್ತಿಸದೆ ಜತೆಯಲ್ಲಿ ನಡೆಸಿಕೊಂಡು ಹೋಗಿ. ಸಂಜೆ ಬೇಗ ಕತ್ತಲಾಗುವುದರಿಂದ ರಸ್ತೆಗಿಳಿದರೆ ಮಗನಿಗೂ ಪೋನಿಗೂ ಬೆಳಕು ಹೊಳೆಯಿಸುವ ಪಟ್ಟಿ ಇರಲಿ.

ಜೀನು ಬಿಗಿಯುವಾಗ ಕಿವಿ ಹಿಂದೆ ಹೋಗುವುದನ್ನು ಮಾತ್ರ ತುಂಟತನ ಎಂದುಕೊಳ್ಳಬೇಡಿ. ಬೇಸಿಗೆಯಿಡೀ ತಿಂದ ಪೋನಿಯ ಬೆನ್ನು ಅಗಲವಾಗಿರುತ್ತದೆ, ವಸಂತದಲ್ಲಿ ಸರಿಯಾಗಿ ಕೂತಿದ್ದ ಜೀನು ಈಗ ಹೆಗಲನ್ನು ಕಚ್ಚುತ್ತಿರಬಹುದು. ಜೀನಿನ ಕೆಳಗೆ ಅಂಗೈ ತೂರಿಸಿ ನೋಡಿ. ಎಲ್ಲಾದರೂ ಕೈ ಸಿಕ್ಕಿಕೊಂಡರೆ ಜೀನು ಸರಿಪಡಿಸುವವರನ್ನು ಕರೆಸಿ, ಅಲ್ಲಿಯವರೆಗೆ ಸವಾರಿ ಬೇಡ. ಜೀನು ಸರಿಯಿದ್ದೂ ಹಾಗೇ ಮಾಡಿದರೆ ಬೆನ್ನು ನೋವೋ ಹೊಟ್ಟೆ ಹುಣ್ಣೋ ಇರಬಹುದು, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಚಳಿಗಾಲಕ್ಕೆ ಎಷ್ಟು ಒಣಹುಲ್ಲು ಕೂಡಿಡಬೇಕು?

ಉತ್ತರ: 250 ಕೆ.ಜಿ. ಪೋನಿಗಾದರೆ ದಿನಕ್ಕೆ ಆರು ಕೆ.ಜಿ.ಯಂತೆ 150 ದಿನಕ್ಕೆ 900 ಕೆ.ಜಿ. ತುಳಿದು ಹಾಳಾಗುವುದೂ ಸೇರಿ ಒಂದು ಟನ್ ಅಂದುಕೊಳ್ಳಿ. ಕೊಳ್ಳುವ ಮುಂಚೆ ಒಂದು ಕಟ್ಟು ಬಿಚ್ಚಿಸಿ, ಒಳಗೆ ಕೈ ಹಾಕಿ. ಬಿಸಿಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಧೂಳು ಎದ್ದರೆ ಬೇಡ, ಪೋನಿಯ ಶ್ವಾಸಕೋಶ ಕೆಡುತ್ತದೆ. ಹಳದಿ ಹೂವಿನ ರ್‍ಯಾಗ್‌ವರ್ಟ್ ಕಳೆ ಬೆಳೆಯುವ ಕಡೆಯ ಹುಲ್ಲಾದರೆ ಅದರ ದಂಟು ಇದೆಯಾ ಎಂದು ಹುಡುಕಿ. ಹಸಿಯಿದ್ದಾಗ ಕಹಿಗೆ ಬಿಡುವ ಪೋನಿ ಒಣಗಿದ್ದನ್ನು ತಿಂದುಬಿಡುತ್ತದೆ, ಯಕೃತ್ತು ಸುಡುವ ವಿಷ ಒಣಗಿದ ಮೇಲೂ ಹೋಗುವುದಿಲ್ಲ. ಒಂದು ದಂಟು ಸಿಕ್ಕರೂ ಆ ಹುಲ್ಲು ಕೊಳ್ಳಬೇಡಿ.