ಮಿನುಗುವ ಬೆಳಕಿನ ಭಯ: ಮೊದಲು ತಿಳಿಯಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಕ್ಯಾಮೆರಾದ ಫ್ಲಾಶ್, ಆಂಬುಲೆನ್ಸ್ ಮೇಲಿನ ದೀಪ, ಕೆಟ್ಟ ಟ್ಯೂಬ್‌ಲೈಟ್ ಇವುಗಳನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಇದು ಮೂರ್ಛೆರೋಗವೋ ಬರಿಯ ಭಯವೋ ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಭಯವನ್ನು ಹಲವು ವರ್ಷ ಕಟ್ಟಿಕೊಂಡು ತಿರುಗಿದವನು.

‘ಫೋಟೋಫೋಬಿಯಾ’ ಎಂಬ ಹೆಸರನ್ನು ಓದಿ ನನ್ನ ಹಾಗೆ ನೀವೂ ಗಲಿಬಿಲಿಗೊಳ್ಳಬೇಡಿ. ಹೆಸರಿನಲ್ಲಿ ಫೋಬಿಯಾ ಇದ್ದರೂ ಅದು ಭಯವಲ್ಲ. ಮೈಗ್ರೇನ್ ಅಥವಾ ಕಣ್ಣಿನ ಉರಿಯೂತ ಇದ್ದಾಗ ಸಾಮಾನ್ಯ ಬೆಳಕೂ ಕಣ್ಣನ್ನು ನೋಯಿಸುವ ಸ್ಥಿತಿ. ನಿಮಗೆ ಮಿನುಗದ ಬೆಳಕೂ ಚುಚ್ಚುವುದಾದರೆ ಕಣ್ಣಿನ ವೈದ್ಯರನ್ನು ಕಾಣಿರಿ.

ನಿಜವಾಗಿ ಎಚ್ಚರ ಬೇಕಾದದ್ದು ಬೆಳಕಿನಿಂದ ಕೆರಳುವ ಮೂರ್ಛೆರೋಗದ ವಿಷಯದಲ್ಲಿ. ಅಪಸ್ಮಾರ, ಅಂದರೆ ಮೂರ್ಛೆರೋಗ, ಇರುವವರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಮಾತ್ರ ಈ ತೊಂದರೆಯಿದ್ದು, ಅವರಲ್ಲಿ ಮಕ್ಕಳು ಮತ್ತು ಹದಿಹರೆಯದವರೇ ಹೆಚ್ಚು. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಇವರ ಮಿದುಳಿನಲ್ಲಿ ಸೆಳೆತವನ್ನು ಹುಟ್ಟಿಸಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬಣ್ಣಗಳು ಸೆಕೆಂಡಿಗೆ ಹನ್ನೆರಡರಷ್ಟು ವೇಗದಲ್ಲಿ ಅದಲುಬದಲಾದಾಗ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಸುದ್ದಿಯನ್ನು ಓದಿದ ದಿನದಿಂದಲೇ ನನ್ನ ಭಯ ಬೇರೂರಿತು, ನನಗೆ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲವಾದರೂ.

ಭಯ ಸಾಮಾನ್ಯವಾಗಿ ದೀಪ ಹೊತ್ತುವ ಮೊದಲೇ, ಅದು ಹೊತ್ತೀತೆಂಬ ನಿರೀಕ್ಷೆಯಲ್ಲೇ ಶುರುವಾಗುತ್ತದೆ. ಮೂರ್ಛೆ ಹಾಗೆ ನಮ್ಮ ಯೋಚನೆಗಾಗಿ ಕಾಯುವುದಿಲ್ಲ. ಆದರೂ ಇದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸುವ ಹಾಗಿಲ್ಲ. ಮೈ ಅದುರಿದ್ದರೆ, ಕೆಲ ಕ್ಷಣಗಳು ನೆನಪಿನಿಂದ ಜಾರಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಅಪಸ್ಮಾರವಿದ್ದರೆ ನರರೋಗ ತಜ್ಞರ ಬಳಿ ಇಇಜಿ ಮಾಡಿಸಿರಿ. ಆ ಪರೀಕ್ಷೆಯಲ್ಲಿ ಮಿನುಗುವ ದೀಪವನ್ನು ತೋರಿಸಿಯೇ ಮಿದುಳಿನ ಅಲೆಗಳನ್ನು ದಾಖಲಿಸುತ್ತಾರೆ. ಆ ದೀಪದ ಎದುರು ನಾನು ಗಡಗಡ ನಡುಗಿದೆ, ವರದಿಯಲ್ಲಿ ಏನೂ ಇರಲಿಲ್ಲ.

ಇಷ್ಟಾದರೂ ಭಯ ಹೋಗಲಿಲ್ಲ. ಬೆಳಕಿನಿಂದ ನಿಜವಾಗಿಯೂ ಮೂರ್ಛೆ ಬರುವವರಿಗೆ ವೈದ್ಯರು ಒಂದು ಉಪಾಯ ಹೇಳಿಕೊಡುತ್ತಾರೆ: ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸುವುದು, ಏಕೆಂದರೆ ರೆಪ್ಪೆ ಮುಚ್ಚಿದರೂ ಬೆಳಕು ಅದರ ಮೂಲಕ ಒಳಗೆ ಬರುತ್ತದೆ. ಅವರಿಗೆ ಅದು ರಕ್ಷಣೆ. ನಾನು ಅದನ್ನೇ ಎಲ್ಲಿ ಹೋದರೂ ಮಾಡುತ್ತಿದ್ದೆ. ಏನೂ ಆಗದೆ ಉಳಿದಾಗಲೆಲ್ಲ ‘ಕೈ ಅಡ್ಡ ಇಟ್ಟದ್ದರಿಂದ ಬಚಾವಾದೆ’ ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತಿತ್ತು. ಕೈ ಇಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶವನ್ನೇ ನಾನು ಅದಕ್ಕೆ ಕೊಡಲಿಲ್ಲ. ಕೊನೆಗೆ ನಾನು ಕಂಡ ಮನಶ್ಶಾಸ್ತ್ರಜ್ಞರು ಮೊದಲು ಬಿಡಿಸಿದ್ದು ಈ ಕೈ ಅಡ್ಡ ಇಡುವ ಅಭ್ಯಾಸವನ್ನೇ.

ಆಮೇಲಿನದು ಹಂತಹಂತವಾಗಿ ಎದುರುಗೊಳ್ಳುವ ಅಭ್ಯಾಸ. ಹಗಲು ಹೊತ್ತಿನಲ್ಲಿ, ದೂರದ ಗೋಡೆಯ ಮೇಲೆ ಟಾರ್ಚನ್ನು ನಾನೇ ನಿಧಾನವಾಗಿ ಹೊತ್ತಿಸಿ ಆರಿಸುತ್ತಿದ್ದೆ. ಗುಂಡಿ ನನ್ನ ಬೆರಳಿನಡಿ ಇದ್ದುದರಿಂದ ಭಯ ತಡೆದುಕೊಳ್ಳುವಷ್ಟಿತ್ತು. ಭಯವನ್ನು ಹತ್ತರಲ್ಲಿ ಎಷ್ಟೆಂದು ಅಳೆದು, ಅದು ಅರ್ಧಕ್ಕೆ ಇಳಿಯುವವರೆಗೆ ಜಾಗ ಬಿಟ್ಟು ಏಳುತ್ತಿರಲಿಲ್ಲ. ನಂತರ ಕತ್ತಲ ಕೋಣೆ, ನಂತರ ಇನ್ನೊಬ್ಬರ ಕೈಯಲ್ಲಿ ಟಾರ್ಚ್. (ವೈದ್ಯರು ಅಪಸ್ಮಾರವಿಲ್ಲವೆಂದು ಹೇಳುವ ಮೊದಲು ಇದನ್ನು ಖಂಡಿತ ಮಾಡಬೇಡಿ.) ದೀರ್ಘ ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ನನಗೆ ಅದು ಅಷ್ಟಾಗಿ ಒದಗಲಿಲ್ಲ, ನಿಮಗೆ ಒದಗಬಹುದು.

ಕೊನೆಯ ಹಂತವಾಗಿ ನಾನು ಆರಿಸಿಕೊಂಡದ್ದು ನಮ್ಮ ಮಹಡಿ ಮೆಟ್ಟಿಲ ತಿರುವಿನ ಟ್ಯೂಬ್‌ಲೈಟನ್ನು. ಎರಡೂ ತುದಿ ಕಪ್ಪಾಗಿದ್ದ ಅದು ಸ್ಟಾರ್ಟರ್‌ನ ಟಿಕ್ ಟಿಕ್ ಸದ್ದಿನೊಡನೆ ಹೊತ್ತಲೂ ಆಗದೆ ಆರಲೂ ಆಗದೆ ಮಿಣುಕುತ್ತಿತ್ತು. ಅದನ್ನು ತಪ್ಪಿಸಲೆಂದೇ ನಾನು ಕಣ್ಣು ತಗ್ಗಿಸಿ, ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದೆ. ಒಂದು ಸಂಜೆ ಅದರ ಕೆಳಗೆ ಕೈಗಳೆರಡನ್ನೂ ಮಡಿಲಲ್ಲಿಟ್ಟು ಕುಳಿತೆ. ಭಯ ಎಂಟಕ್ಕೇರಿತು, ಬಹಳ ಹೊತ್ತು ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಕಡೆಗೆ ಆ ಟಿಕ್ ಟಿಕ್ ಸದ್ದು ಬೇಸರ ತರಿಸಿತು. ಮರುದಿನ ಹೊಸ ಟ್ಯೂಬ್ ತಂದು ಹಾಕಿದೆ.