ಮಡಚುವ ಫೋನ್ ತಗೊಳ್ಳಲೋ, ಮಾಮೂಲಿ ಫೋನೇ ಸಾಕೋ?

ನೀವು ಕೇಳಿರುವುದು ಇಷ್ಟು: ಈಗಿನ ಫೋನ್ ಹಳತಾಗಿದೆ, ಹೊಸದನ್ನು ಐದು ವರ್ಷ ಬಳಸುವ ಯೋಚನೆ, ದಿನವೂ ಪಿಡಿಎಫ್ ಮತ್ತು ಎಕ್ಸೆಲ್ ನೋಡುವ ಕೆಲಸ, ಜೊತೆಗೆ ಫೋಟೊ ಹುಚ್ಚು. ಪುಸ್ತಕದ ಹಾಗೆ ತೆರೆಯುವ ಫೋನ್ ಕೊಳ್ಳುವುದೋ, ಅದೇ ದುಡ್ಡಿಗೆ ಒಳ್ಳೆಯ ಮಾಮೂಲಿ ಫೋನ್ ಕೊಳ್ಳುವುದೋ?

ಅಂಗಡಿಗೆ ಹೋಗುವ ಮೊದಲು, ಈಗಿರುವ ಫೋನಿನಲ್ಲೇ ಒಂದು ವಾರ ಲೆಕ್ಕ ಇಡಿ. ಅಕ್ಷರ ಕಾಣದೆ ಎರಡು ಬೆರಳಿಂದ ಹಿಗ್ಗಿಸಿದಾಗ, ಕಾಲಂ ಪೂರ್ತಿ ಕಾಣದೆ ಫೋನ್ ಅಡ್ಡ ತಿರುಗಿಸಿದಾಗ, ಎರಡು ಆ್ಯಪ್‌ಗಳ ನಡುವೆ ಹೋಗಿಬಂದು ಮಾಡಿದಾಗ, ಒಂದೊಂದು ಗೀಟು ಹಾಕಿ. ದಿನಕ್ಕೆ ಇಪ್ಪತ್ತು ದಾಟಿದರೆ ಮಡಚುವ ಫೋನಿನಿಂದ ನಿಮಗೆ ನಿಜವಾಗಿ ಉಪಯೋಗವಿದೆ. ಐದಾರಕ್ಕೆ ನಿಂತರೆ ಮೊದಲ ತಿಂಗಳು ಎಲ್ಲರಿಗೂ ತೆರೆದು ತೋರಿಸುತ್ತೀರಿ, ಆಮೇಲೆ ಮುಚ್ಚಿದಾಗಲೂ ಕಾಣುವ ಹೊರಪರದೆಯಲ್ಲೇ ಎಲ್ಲ ಮುಗಿಸುತ್ತೀರಿ. ಆಗ ನಿಮ್ಮ ಕೈಯಲ್ಲಿರುವುದು ದುಬಾರಿಯಾದ, ನಾಜೂಕಾದ ಮಾಮೂಲಿ ಫೋನ್. ಇಪ್ಪತ್ತು ಎನ್ನುವುದು ನನ್ನ ಅಂದಾಜಿನ ಗಡಿ, ಅಷ್ಟೆ.

ದೊಡ್ಡ ಪರದೆ ಅಂದಕೂಡಲೇ ಜನ ಸಿನಿಮಾ ನೋಡುವುದನ್ನು ಯೋಚಿಸುತ್ತಾರೆ. ಅಲ್ಲೇ ಮೋಸ ಹೋಗುವುದು. ತೆರೆದಾಗ ಕಾಣುವ ಎಂಟು ಇಂಚಿನ ಒಳಪರದೆ ಹೆಚ್ಚುಕಡಿಮೆ ಚೌಕ. ಅದರಲ್ಲಿ 16:9 ವಿಡಿಯೊ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು, ಚಿತ್ರದ ಕರ್ಣ ಸುಮಾರು 6.8 ಇಂಚಿಗೆ ಇಳಿಯುತ್ತದೆ. 6.9 ಇಂಚಿನ ಮಾಮೂಲಿ ಫೋನನ್ನು ಅಡ್ಡ ಹಿಡಿದರೆ ಅದೇ ವಿಡಿಯೊ ಸುಮಾರು 5.9 ಇಂಚು ಸಿಗುತ್ತದೆ. ವಿಸ್ತೀರ್ಣದಲ್ಲಿ ಮೂರನೇ ಒಂದು ಭಾಗ ಹೆಚ್ಚು, ಅಷ್ಟೇ. ಆದರೆ ಎ4 ಅಳತೆಯ ಪಿಡಿಎಫ್ ಪುಟ ಚೌಕದ ಪರದೆಯಲ್ಲಿ ಅಗಲ ತುಂಬಿ ನಿಲ್ಲುತ್ತದೆ, ಹಿಗ್ಗಿಸದೆ ಓದಬಹುದು. ಎಕ್ಸೆಲ್‌ನಲ್ಲಂತೂ ಕಾಣುವ ಕಾಲಂಗಳು ಹತ್ತಿರಹತ್ತಿರ ಎರಡರಷ್ಟು. ಓದು ಬರಹದವರಿಗೆ ಲಾಭ, ಬರೀ ವಿಡಿಯೊ ನೋಡುವವರಿಗೆ ಅಷ್ಟಕ್ಕಷ್ಟೆ.

ಇನ್ನು ಬಾಳಿಕೆ. ಒಳಪರದೆ ಗಾಜಿನದು ಅಂತ ಜಾಹೀರಾತಿನಲ್ಲಿರುತ್ತದೆ. ಸುಳ್ಳಲ್ಲ, ಆದರೆ ನಿಮ್ಮ ಬೆರಳು ಆ ಗಾಜಿಗೆ ತಾಗುವುದೇ ಇಲ್ಲ. ಯಾಕೆಂದು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಬಗ್ಗಿಸಿದ ಹಾಳೆಯ ಹೊರಮೈ ಎಷ್ಟು ಎಳೆತಕ್ಕೆ ಸಿಗುತ್ತದೆ ಎಂದು ನೋಡಲು, ದಪ್ಪವನ್ನು ಬಗ್ಗುವ ತ್ರಿಜ್ಯದ ಎರಡರಷ್ಟರಿಂದ ಭಾಗಿಸಬೇಕು. 1.5 ಮಿ.ಮೀ. ತ್ರಿಜ್ಯಕ್ಕೆ ಅರ್ಧ ಮಿ.ಮೀ. ದಪ್ಪದ ಗಾಜನ್ನು ಬಗ್ಗಿಸಿದರೆ ಎಳೆತ ಶೇ. 16 ದಾಟುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ ಗಾಜು ಚೂರಾಗಿರುತ್ತದೆ. ಅದೇ 30 ಮೈಕ್ರಾನ್ (0.03 ಮಿ.ಮೀ.) ಗಾಜಾದರೆ ಶೇ. 1 ಮಾತ್ರ, ತಡೆದುಕೊಳ್ಳುತ್ತದೆ. ಸ್ಯಾಮ್‌ಸಂಗ್‌ನ 2020ರ ಗ್ಯಾಲಕ್ಸಿ ಝಡ್ ಫ್ಲಿಪ್‌ನಲ್ಲಿ ಬಂದ ಅತಿತೆಳು ಗಾಜು ಹೆಚ್ಚುಕಡಿಮೆ ಇಷ್ಟೇ ದಪ್ಪ. ಈಚಿನವು ತುಸು ದಪ್ಪ, ಆದರೂ ಸ್ವಭಾವ ಅದೇ. ಇಷ್ಟು ತೆಳುವಾದದ್ದು ಚೆನ್ನಾಗಿ ಬಗ್ಗುತ್ತದೆ, ಆದರೆ ಒಂದು ಮರಳಿನ ಕಣ ಒತ್ತಿದರೆ ಸೀಳುತ್ತದೆ. ಅದಕ್ಕೇ ಅದರ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. ನೀವು ಮುಟ್ಟುವುದು ಆ ಪ್ಲಾಸ್ಟಿಕ್ಕನ್ನು. ಉಗುರು ಒತ್ತಿದರೂ ಅದರಲ್ಲಿ ಗುರುತು ಉಳಿಯುತ್ತದೆ.

ಆ ಪದರವನ್ನು ಕಿತ್ತು ಇನ್ನೊಂದು ಸ್ಕ್ರೀನ್ ಗಾರ್ಡ್ ಹಾಕಿಸುತ್ತೇನೆ ಅಂತ ಮಾತ್ರ ಹೊರಡಬೇಡಿ. 2019ರಲ್ಲಿ ಮೊದಲ ಗ್ಯಾಲಕ್ಸಿ ಫೋಲ್ಡ್ ವಿಮರ್ಶಕರ ಕೈ ಸೇರಿದಾಗ, ಅದನ್ನು ಸ್ಕ್ರೀನ್ ಗಾರ್ಡ್ ಎಂದುಕೊಂಡು ಕಿತ್ತವರ ಪರದೆಗಳು ಸತ್ತವು. ಏಪ್ರಿಲ್‌ನಲ್ಲಿ ಬರಬೇಕಿದ್ದ ಫೋನ್ ಸೆಪ್ಟೆಂಬರ್‌ಗೆ ಹೋಯಿತು.

ಸಾಮಾನ್ಯವಾಗಿ ಮೊದಲು ಕೈಕೊಡುವುದೂ ಈ ಪದರವೇ. ಮಡಿಕೆಯ ಗೆರೆಯುದ್ದಕ್ಕೂ ಅಂಟು ದಿನಾ ಅತ್ತಿತ್ತ ಜರುಗಿ, ಒಂದು ದಿನ ಕೂದಲೆಳೆಯಂಥ ಗುಳ್ಳೆ ಏಳುತ್ತದೆ. ಬೆರಳಿಂದ ಒತ್ತಿದರೆ ಕೂತ ಹಾಗೆ ಕಂಡು, ಮತ್ತೆ ತೆರೆದಾಗ ಏಳುತ್ತದೆ. ಆಗಲೇ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಪದರ ಬದಲಿಸಿಕೊಂಡರೆ ಸಣ್ಣ ಕೆಲಸ. ತಿಂಗಳುಗಟ್ಟಲೆ ಬಿಟ್ಟರೆ ಗುಳ್ಳೆಯೊಳಗೆ ಧೂಳು ಸೇರಿ, ಮಡಚಿದಾಗಲೆಲ್ಲ ಗಾಜನ್ನು ಒತ್ತುತ್ತದೆ. ಗೆರೆಯ ಮೇಲೆ ಹಸಿರು ಅಥವಾ ಬಿಳಿ ಪಟ್ಟಿ, ಇಲ್ಲವೇ ಹರಡುವ ಕಪ್ಪು ಮಚ್ಚೆ ಕಂಡರೆ ಕತೆ ಬೇರೆ: ಪರದೆಯೇ ಹೋಗಿದೆ. ಅದನ್ನು ಬಹಳ ಸಲ ಚೌಕಟ್ಟಿನ ಸಮೇತ ಬದಲಿಸುತ್ತಾರೆ, ಖರ್ಚು ಮಾಮೂಲಿ ಫೋನಿನ ಗಾಜಿಗೆ ಹೋಲಿಸುವಂಥದ್ದಲ್ಲ. ಕೊಳ್ಳುವ ಮೊದಲೇ ಒಳಪರದೆ ಬದಲಿಸುವ ದರ ಕೇಳಿಕೊಳ್ಳಿ. ಅದು ಕೇಳಿ ಎದೆ ಧಸಕ್ಕೆಂದರೆ, ಒಂದೋ ವಿಮೆ ಮಾಡಿಸಿ, ಇಲ್ಲವೇ ಕೊಳ್ಳಬೇಡಿ.

ಎರಡು ಲಕ್ಷ, ಐದು ಲಕ್ಷ ಸಲ ಮಡಚಿ ಪರೀಕ್ಷಿಸಿದ್ದೇವೆ ಎನ್ನುವ ಮಾತು ಕೇಳಿರುತ್ತೀರಿ. ದಿನಕ್ಕೆ ನೂರು ಸಲ ಮಡಚಿದರೂ ಎರಡು ಲಕ್ಷ ಮುಟ್ಟಲು ಐದೂವರೆ ವರ್ಷ ಬೇಕು. ಸಂಖ್ಯೆಗೆ ಹೆದರುವ ಕಾರಣವಿಲ್ಲ. ಆದರೆ ಆ ಪರೀಕ್ಷೆ ಮಾಡುವುದು ಯಂತ್ರ, ಪ್ರತಿಸಲ ಒಂದೇ ಹದದಲ್ಲಿ; ಜೇಬಿನ ಕಸ ಅಲ್ಲಿರುವುದಿಲ್ಲ. ಎರಡು ಭಾಗಗಳನ್ನು ಜೋಡಿಸುವ ಕೀಲಿನ ಶತ್ರು ಧೂಳು. ಇಲ್ಲಿ ಐಪಿ ಅಂಕಿಯನ್ನು, ಅಂದರೆ ಫೋನ್ ಧೂಳು ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಅಂಕಿಯನ್ನು, ಬಿಡಿಸಿ ಓದಬೇಕು. ಸ್ಯಾಮ್‌ಸಂಗ್‌ನ 2024ರ ಝಡ್ ಫೋಲ್ಡ್ 6, 2025ರ ಫೋಲ್ಡ್ 7 ಎರಡಕ್ಕೂ ಇರುವುದು ಐಪಿ48. ಎಂಟು ನೀರಿಗೆ, ಮುಳುಗಿದರೂ ಸ್ವಲ್ಪ ಹೊತ್ತು ತಡೆಯುತ್ತದೆ. ನಾಲ್ಕು ಘನ ವಸ್ತುವಿಗೆ, ಒಂದು ಮಿ.ಮೀ.ಗಿಂತ ದೊಡ್ಡದನ್ನು ಮಾತ್ರ ತಡೆಯುತ್ತದೆ. ಮರಳಿನ ಬಹುಪಾಲು ಕಣ ಅದಕ್ಕಿಂತ ಸಣ್ಣವು. ಗೂಗಲ್‌ನ 2025ರ ಪಿಕ್ಸೆಲ್ 10 ಪ್ರೊ ಫೋಲ್ಡ್‌ಗೆ ಐಪಿ68 ಸಿಕ್ಕಿದೆ, ಅಂದರೆ ಧೂಳಿಗೂ ತಡೆ. ಮಾಮೂಲಿ ದೊಡ್ಡ ಫೋನ್‌ಗಳಲ್ಲಿ ಇದು ವರ್ಷಗಳಿಂದ ಇದೆ. ಕಟ್ಟಡದ ಕೆಲಸ, ಹೊಲ, ಗೋದಾಮು ಅಂತ ದಿನವಿಡೀ ಧೂಳಲ್ಲಿರುವವರು ನೀವಾದರೆ ಚರ್ಚೆ ಇಲ್ಲಿಗೇ ನಿಲ್ಲಿಸಿ, ಮಾಮೂಲಿ ಫೋನ್ ತಗೊಳ್ಳಿ.

ಫೋಟೊ ಹುಚ್ಚಿನ ಬಗ್ಗೆ. ತೆರೆದಾಗ ಫೋಲ್ಡ್ 7 ಬರೀ 4.2 ಮಿ.ಮೀ. ದಪ್ಪ. ಅಷ್ಟು ತೆಳು ಮೈಯಲ್ಲಿ ದೂರದ ಲೆನ್ಸ್‌ಗೆ ಬೇಕಾದ ಆಳ ಸಿಗುವುದು ಕಷ್ಟ. ಅದರಲ್ಲಿ 3 ಪಟ್ಟು ಜೂಮ್‌ಗೆ 10 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಅದೇ ಕಂಪನಿಯ ಎಸ್25 ಅಲ್ಟ್ರಾದಲ್ಲಿ ಅದರ ಜೊತೆಗೆ 5 ಪಟ್ಟಿಗೆ 50 ಮೆಗಾಪಿಕ್ಸೆಲ್‌ನ ಇನ್ನೊಂದಿದೆ. ಬ್ಯಾಟರಿ 4,400 ಎಂಎಎಚ್‌ಗೆ ಎದುರು 5,000. ಅದೂ ದೊಡ್ಡ ಪರದೆ ಬೆಳಗಿಸಬೇಕಾದ ಫೋನಿಗೇ ಕಡಿಮೆ. ಹಕ್ಕಿ, ವೇದಿಕೆ, ಆಟದ ಮೈದಾನ ತೆಗೆಯುವವರಿಗೆ ಕ್ಯಾಮೆರಾದ ಈ ವ್ಯತ್ಯಾಸ ತಿಳಿಯುತ್ತದೆ. ಊಟದ ತಟ್ಟೆ, ಮನೆಮಂದಿ ತೆಗೆಯುವವರಿಗೆ ತಿಳಿಯದು. ಒಂದು ಲಾಭವೂ ಇದೆ: ಹೊರಪರದೆ ನೋಡಿಕೊಂಡು ಹಿಂದಿನ ಮುಖ್ಯ ಕ್ಯಾಮೆರಾದಲ್ಲೇ ಸೆಲ್ಫಿ ತೆಗೆಯಬಹುದು.

ಮೇಲಿಂದ ಕೆಳಕ್ಕೆ ಮಡಚುವ ಫ್ಲಿಪ್ ಬಗೆಯವನ್ನು ನೀವು ಕೇಳಿಲ್ಲ. ತೆರೆದರೆ ಮಾಮೂಲಿ ಫೋನಿನಷ್ಟೇ ಪರದೆ, ಜೇಬಿಗೆ ಮಾತ್ರ ಹಿತ. ನಿಮ್ಮ ಎಕ್ಸೆಲ್‌ಗೆ ಅದರಿಂದ ಏನೂ ಆಗದು.

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟದ್ದನ್ನೇ ಕೈಗೆತ್ತಿಕೊಳ್ಳಿ, ಅದು ಸಾವಿರಾರು ಸಲ ಮಡಚಿಸಿಕೊಂಡಿರುತ್ತದೆ, ಅದೇ ಒಳ್ಳೆಯದು. ಪರದೆ ಆರಿಸಿ ಪಕ್ಕದ ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಯ ಎರಡು ತುದಿಗಳಲ್ಲಿ ಪದರ ಎದ್ದಿದೆಯಾ ನೋಡಿ. ಮುಕ್ಕಾಲು ತೆರೆದು ಮೇಜಿನ ಮೇಲಿಟ್ಟರೆ ಕೀಲು ಅಲ್ಲೇ ನಿಲ್ಲಬೇಕು, ತಾನಾಗಿ ಜಾರಬಾರದು. ಕಿವಿಯ ಹತ್ತಿರ ಹಿಡಿದು ನಿಧಾನಕ್ಕೆ ತೆರೆಯಿರಿ. ಕರಕರ ಸದ್ದು ಬಂದರೆ ಒಳಗೆ ಧೂಳು ಹೊಕ್ಕಿರಬಹುದು. ಮುಚ್ಚಿದ ಮೇಲೆ ಒಂದೇ ಕೈಯಲ್ಲಿ ಹೊರಪರದೆಯ ಕೀಬೋರ್ಡ್‌ನಲ್ಲಿ ಎರಡು ಸಾಲು ಕನ್ನಡ ಟೈಪ್ ಮಾಡಿ ನೋಡಿ. ಕಿರಿದಾದ ಹೊರಪರದೆಯಲ್ಲಿ ಒತ್ತಕ್ಷರ ತಪ್ಪುತ್ತಿದ್ದರೆ ದಿನಾ ತಪ್ಪುತ್ತದೆ.

ಹಳೆಯ ಮಡಚುವ ಫೋನನ್ನು ಅರ್ಧ ಬೆಲೆಗೆ ಕೊಳ್ಳುವ ಆಸೆ ಬೇಡ. ಪದರ ಎಷ್ಟು ದಣಿದಿದೆ, ಕೀಲಿನೊಳಗೆ ಏನು ಹೊಕ್ಕಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಒಮ್ಮೆ ಬಿಚ್ಚಿ ರಿಪೇರಿ ಮಾಡಿದ್ದರೆ ನೀರಿನ ತಡೆಯನ್ನೂ ನಂಬುವಂತಿಲ್ಲ.

ನೀವು ಬರೆದದ್ದಷ್ಟನ್ನೇ ನೋಡಿದರೆ: ಕಚೇರಿಯೊಳಗಿನ ಕೆಲಸ, ಗೀಟು ಇಪ್ಪತ್ತು ದಾಟುತ್ತದೆ, ಮೂರನೇ ವರ್ಷದ ಹೊತ್ತಿಗೆ ಒಮ್ಮೆ ಪದರ ಬದಲಿಸುವ ಖರ್ಚಿಗೆ ತಯಾರಿದ್ದೀರಿ ಅಂದರೆ ಮಡಚುವುದನ್ನೇ ಕೊಳ್ಳಿ. ದೂರದ ಫೋಟೊ ಮುಖ್ಯ, ಐದು ವರ್ಷ ಸರ್ವಿಸ್ ಸೆಂಟರ್ ಕಡೆ ತಲೆ ಹಾಕಲ್ಲ ಅನ್ನುವುದಾದರೆ ಮಾಮೂಲಿ ಫೋನ್ ಕೊಂಡು, ಪಿಡಿಎಫ್‌ಗೆ ಪಕ್ಕದಲ್ಲೊಂದು ಸಾಧಾರಣ ಟ್ಯಾಬ್ ಇಟ್ಟುಕೊಳ್ಳಿ. ಎರಡೂ ಸೇರಿದರೂ ಸಾಮಾನ್ಯವಾಗಿ ಒಂದು ಮಡಚುವ ಫೋನಿನ ಬೆಲೆ ಮುಟ್ಟುವುದಿಲ್ಲ.